ಅಡುಗೆಮನೆಯ ನಳ ತೊಟ್ಟಿಕ್ಕಿದಾಗ: ನವನಗರದ ಮನೆಯೊಂದರ ದುರಸ್ತಿ ದಾಖಲೆ

ಯುಗಾದಿಗೆ ಮುಂಚಿನ ವಾರ ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನು ತೊಳೆಸಿದೆವು. ಅದರ ಮರುದಿನದಿಂದಲೇ ಅಡುಗೆಮನೆಯ ಸಿಂಕಿನ ನಳ ತೊಟ್ಟಿಕ್ಕತೊಡಗಿತು. ಈ ಎರಡಕ್ಕೂ ಸಂಬಂಧವಿರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ನಳಕ್ಕೆ ಆರು ವರ್ಷವಾಗಿದೆ, ಸವೆದಿರಬೇಕು ಎಂದುಕೊಂಡು ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿ ಬಿಟ್ಟೆ. ರಾತ್ರಿ ಸ್ಟೀಲ್ ಸಿಂಕಿನ ಮೇಲೆ ಬೀಳುವ ಹನಿಯ ಸದ್ದಿಗೆ ನಿದ್ದೆ ಹತ್ತದ ಅವ್ವ, ನಳದ ಬಾಯಿಗೆ ಒಂದು ಹತ್ತಿಯ ದಾರ ಕಟ್ಟಿ ಅದರ ತುದಿಯನ್ನು ಸಿಂಕಿನ ತೂತಿನವರೆಗೆ ಇಳಿಬಿಟ್ಟಳು. ಹನಿ ದಾರದ ಗುಂಟ ಸದ್ದಿಲ್ಲದೆ ಇಳಿಯಿತು. ಸದ್ದು ನಿಂತದ್ದರಿಂದ ದೋಷವೂ ಮರೆತುಹೋಗಿ ಮೂರು ವಾರ ಕಳೆದವು.

ಮತ್ತೆ ಅದು ನೆನಪಾದದ್ದು ಒಂದು ರಾತ್ರಿ ದಾರವನ್ನು ಬಿಚ್ಚಿ ಹನಿಗಳನ್ನು ಎಣಿಸಿದಾಗ. ನಿಮಿಷಕ್ಕೆ 45 ಹನಿ ಬೀಳುತ್ತಿದ್ದವು. ರಾತ್ರಿ ಹತ್ತು ಗಂಟೆಗೆ ನಳದ ಕೆಳಗೆ ದೊಡ್ಡ ಪಾತ್ರೆಯೊಂದನ್ನಿಟ್ಟು ಬೆಳಿಗ್ಗೆ ಆರಕ್ಕೆ ಅಳೆದರೆ ಹತ್ತಿರಹತ್ತಿರ 5 ಲೀಟರ್ 400 ಮಿಲಿಲೀಟರ್ ನೀರು ಸಂಗ್ರಹವಾಗಿತ್ತು. ಅಂದರೆ ಒಂದು ಹನಿಗೆ ಕಾಲು ಮಿಲಿಲೀಟರ್. ದಿನವೊಂದಕ್ಕೆ 16 ಲೀಟರಿಗೂ ಮಿಕ್ಕಿ ನೀರು. ನಾವು ನೀರು ತುಂಬಿಡುವ ಪ್ಲಾಸ್ಟಿಕ್ ಕೊಡ 15 ಲೀಟರಿನದು. ಮೂರು ವಾರ ದಿನಕ್ಕೊಂದು ತುಂಬಿದ ಕೊಡವನ್ನು ಎತ್ತಿ ಮೋರಿಗೆ ಸುರಿದಂತಾಯಿತಲ್ಲ ಎಂದು ಅವ್ವ ಅಂದದ್ದು ಮನಸ್ಸಿಗೆ ನಾಟಿತು. ಆಲಮಟ್ಟಿಯ ಹಿನ್ನೀರಿಗಾಗಿ ಹಳೇ ಊರಿನ ಮನೆ ಬಿಟ್ಟು ಈ ನವನಗರಕ್ಕೆ ಬಂದ ತಲೆಮಾರಿನವಳು ಅವಳು; ನೀರಿನ ಲೆಕ್ಕವನ್ನು ಅವಳೆದುರು ಹಗುರವಾಗಿ ಮಾತಾಡಲಾಗದು.

ಕೆಲಸಕ್ಕೆ ಕೈಹಾಕುವ ಮುಂಚೆ ನಮ್ಮ ನೀರಿನ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಮುಂದೆ ಕಂಡ ದೋಷಗಳ ಮೂಲವೆಲ್ಲ ಅಲ್ಲಿಯೇ ಇದೆ. ನಗರಸಭೆಯ ಹೊಳೆ ನೀರು ಸಾಲದ ದಿನ ನಾವು ಬೋರ್‌ವೆಲ್ ನೀರನ್ನೇ ಟಾಕಿಗೆ ಏರಿಸುತ್ತೇವೆ. ಬಾಗಲಕೋಟೆಯ ಸುತ್ತಲಿನ ನೆಲದಡಿ ಇರುವುದು ಭೂವಿಜ್ಞಾನಿಗಳು ಕಲಾದಗಿಯ ಹೆಸರಿನಿಂದಲೇ ಕರೆಯುವ ಶಿಲಾಸಮೂಹ. ಅದರಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ. ಆ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರು ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಈ ನೀರಿನಲ್ಲಿ ಸಾಬೂನು ನೊರೆಗಟ್ಟುವುದಿಲ್ಲ, ತೊಗರಿಬೇಳೆ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳಿಕೆ ಏಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂವರೆಗೆ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಅದ್ದಿದ ಪರೀಕ್ಷಾ ಪಟ್ಟಿ ಅದರ ಡಬ್ಬಿಯ ಮೇಲಿನ ಕೊನೆಯ ಬಣ್ಣಕ್ಕೇ ಹೋಗಿ ನಿಂತಿತ್ತು. ಇಂಥ ನೀರು ಹರಿಯುವ ನಳ ಸವೆದು ಕೆಡುವುದಕ್ಕಿಂತ ಕಟ್ಟಿಕೊಂಡು ಕೆಡುವುದೇ ಹೆಚ್ಚು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಪಾನಾ ಹಿಡಿಯುವುದಕ್ಕೆ ಮುಂಚೆ, ನಳದ ಮುಂದೆ ಒಂದು ಸ್ಟೂಲ್ ಹಾಕಿ ಕುಳಿತು ಬರಿದೇ ನೋಡಿದೆ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ನೀರು ಎಲ್ಲಿಂದ ಬರುತ್ತಿದೆ ಎಂಬುದಕ್ಕಿಂತ ಯಾವಾಗ ಬರುತ್ತಿದೆ ಎಂಬುದು ದೊಡ್ಡ ಸುಳಿವು. ನಮ್ಮದು ಗೋಡೆಯಿಂದ ಹೊರಟು, ಅತ್ತಿತ್ತ ತಿರುಗುವ ಉದ್ದ ಕತ್ತಿನ ಸಿಂಕ್ ಕಾಕ್. ನಳ ಬಂದ್ ಇದ್ದಾಗಲೂ ಬಾಯಿಯಿಂದ ಹನಿ ಬೀಳುತ್ತಿದ್ದರೆ ನೀರನ್ನು ತಡೆಯುವ ಒಳಭಾಗವೇ ಪೂರ್ತಿ ಮುಚ್ಚುತ್ತಿಲ್ಲ ಎಂದರ್ಥ. ನಳ ಚಾಲೂ ಇದ್ದಾಗ ಮಾತ್ರ ಕತ್ತಿನ ಬುಡದಲ್ಲಿ ನೀರು ಜಿನುಗಿ, ಬಂದ್ ಮಾಡಿದೊಡನೆ ನಿಂತರೆ ಕತ್ತಿನೊಳಗಿನ ರಬ್ಬರ್ ಬಳೆಗಳು, ಅಂದರೆ ಓ-ರಿಂಗುಗಳು, ಸೋತಿವೆ ಎಂದರ್ಥ. ಏಕೆಂದರೆ ಆ ಭಾಗಕ್ಕೆ ನೀರು ತಲುಪುವುದು ತಡೆ ತೆರೆದ ಮೇಲೆಯೇ. ಗೋಡೆಗೆ ಕೂಡುವ ಜಾಗ ಹಗಲಿರುಳೂ ಒದ್ದೆಯಾಗಿದ್ದರೆ ಅದು ಥ್ರೆಡ್ಡಿನ ದೋಷ. ಒಣ ಬಟ್ಟೆಯಿಂದ ನಳವನ್ನೆಲ್ಲ ಒರೆಸಿ, ಒಂದೊಂದು ಕೀಲಿನ ಸುತ್ತ ಕಾಗದದ ಚೂರು ಸುತ್ತಿ ಹತ್ತು ನಿಮಿಷ ಕಾದೆ. ನಮ್ಮ ನಳದಲ್ಲಿ ಮೊದಲಿನ ಎರಡೂ ದೋಷ ಇದ್ದವು. ಗೋಡೆಯ ಕಡೆಯ ಕಾಗದ ಒಣಗಿಯೇ ಇತ್ತು. ಜೊತೆಗೆ ನೀರಿನ ಧಾರೆ ಮೊದಲಿನಂತೆ ನೆಟ್ಟಗೆ ಬೀಳದೆ ಮೂರು ಕವಲಾಗಿ ಸಿಡಿಯುತ್ತಿತ್ತು. ಅದು ಬಾಯಿಯ ಜಾಳಿಗೆ ಸಂಬಂಧಿಸಿದ ತೊಂದರೆ.

ನೀರು ನಿಲ್ಲಿಸುವುದೇ ಮೊದಲ ಅಡಚಣೆಯಾಯಿತು. ಸಿಂಕಿನ ನಳಕ್ಕಷ್ಟೇ ನೀರು ನಿಲ್ಲಿಸುವ ಆ್ಯಂಗಲ್ ಕಾಕ್ ಎಂಬ ಸಣ್ಣ ತಡೆ ನಮ್ಮಲ್ಲಿಲ್ಲ. ಮಾಳಿಗೆ ಏರಿ ಟಾಕಿಯ ಕೆಳಗಿನ ಗೇಟ್ ವಾಲ್ವ್ ತಿರುಗಿಸಿದರೆ ಅದು ಮುಕ್ಕಾಲು ಭಾಗ ಮುಚ್ಚಿ ಅಲ್ಲಿಯೇ ಬಿಗಿದುಕೊಂಡಿತು. ಒಳಗಿನ ಹಲಗೆ ಕೂರುವ ಜಾಗದಲ್ಲಿ ಸುಣ್ಣ ಗಟ್ಟಿಯಾಗಿರುವಾಗ ಇನ್ನೂ ಬಲ ಹಾಕಿದ್ದರೆ ದಂಡವೇ ಮುರಿಯುವ ಭಯವಿತ್ತು. ಅದಕ್ಕೆ ಮಾಡಿದ ಉಪಾಯವಿದು: ಅದೇ ಲೈನಿನಲ್ಲಿ ಅಡುಗೆಮನೆಗಿಂತ ತಗ್ಗಿನಲ್ಲಿರುವ ಬಚ್ಚಲಿನ ನಳವನ್ನು ಪೂರ್ತಿ ತೆರೆದು ಕೆಳಗೆ ಬಕೆಟ್ ಇಟ್ಟೆ. ವಾಲ್ವ್ ದಾಟಿ ಬರುವ ಅಷ್ಟಿಷ್ಟು ನೀರು ತಗ್ಗಿನ ದಾರಿ ಹಿಡಿದು ಬಚ್ಚಲಿಗೆ ಹೋಯಿತು. ಅಡುಗೆಮನೆಯ ಪೈಪು ಖಾಲಿಯಾಯಿತು. ಆ ಬಕೆಟ್ಟಿನ ನೀರು ಸಂಜೆ ನೆಲ ಒರೆಸಲು ಬಂತು.

ಸಿಂಕಿನ ತೂತಿಗೆ ಬಟ್ಟೆ ತುರುಕಿದೆ. ಸಣ್ಣ ಸ್ಕ್ರೂ ಒಂದು ಅದರಲ್ಲಿ ಬಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಿಡಿಕೆಯ ನೆತ್ತಿಯ ಮೇಲಿನ ನೀಲಿ ಬಿಲ್ಲೆಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿದರೆ ಒಳಗೆ ಸ್ಕ್ರೂ ಕಾಣುತ್ತದೆ; ಕೆಲವು ನಳಗಳಲ್ಲಿ ಅದು ಹಿಡಿಕೆಯ ಪಕ್ಕದಲ್ಲಿರುತ್ತದೆ, ಅದಕ್ಕೆ ಅಲೆನ್ ಕೀ ಬೇಕು. ಹಿಡಿಕೆ, ಅದರ ಕೆಳಗಿನ ಹೊಳಪಿನ ಗುಬುಟು, ಅದರ ಕೆಳಗೆ ಆರು ಮೂಲೆಯ ಹಿತ್ತಾಳೆಯ ಕಾರ್ಟ್ರಿಜ್, ಅಂದರೆ ನೀರನ್ನು ತಡೆಯುವ ಆ ಒಳಭಾಗ. ಪಾನಾದ ಬಾಯಿಗೆ ಹಳೇ ಬನಿಯನ್ನಿನ ತುಂಡು ಸುತ್ತಿಕೊಂಡರೆ ಕ್ರೋಮಿಯಂ ಲೇಪ ಗೀರಿಕೊಳ್ಳುವುದಿಲ್ಲ. ಒಂದು ಕೈಯಲ್ಲಿ ನಳದ ಒಡಲನ್ನು ಭದ್ರವಾಗಿ ಹಿಡಿದು ಇನ್ನೊಂದು ಕೈಯಿಂದ ಎಡಕ್ಕೆ ತಿರುಗಿಸಬೇಕು. ಒಡಲನ್ನು ಹಿಡಿಯದೆ ಬಲ ಹಾಕಿದರೆ ಆ ಬಲವೆಲ್ಲ ಗೋಡೆಯೊಳಗೆ ಪೈಪು ತಿರುಗುವ ಜಾಗದ ಪ್ಲಾಸ್ಟಿಕ್ ಎಲ್ಬೋ ಮೇಲೆ ಬೀಳುತ್ತದೆ. ಅದು ಬಿರಿದರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ನಳ ದುರಸ್ತಿಯಲ್ಲಿ ನಿಜವಾಗಿ ಅಂಜಬೇಕಾದ ಜಾಗ ಇದೊಂದೇ ಎಂದು ನನ್ನ ಅನಿಸಿಕೆ.

ಕಾರ್ಟ್ರಿಜ್ ಕೈಗೆ ಬಂದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರೊಳಗೆ ಒಂದರ ಮೇಲೊಂದು ಕೂತ ಎರಡು ಪಿಂಗಾಣಿ ಬಿಲ್ಲೆಗಳಿವೆ, ಅಲ್ಯುಮಿನಿಯಂ ಆಕ್ಸೈಡಿನವು. ಒಂದು ಅಲುಗುವುದಿಲ್ಲ, ಇನ್ನೊಂದು ಹಿಡಿಕೆಯ ಜೊತೆ ತಿರುಗುತ್ತದೆ. ಎರಡರ ಕಿಂಡಿಗಳೂ ಎದುರುಬದುರಾದರೆ ನೀರು ಹರಿಯುತ್ತದೆ, ಕಿಂಡಿಯ ಮೇಲೆ ಬಿಲ್ಲೆಯ ಗಟ್ಟಿ ಭಾಗ ಬಂದರೆ ನಿಲ್ಲುತ್ತದೆ. ಇಲ್ಲಿ ಬಿಗಿ ಎಂಬ ಮಾತೇ ಇಲ್ಲ. ನೀರನ್ನು ತಡೆಯುವುದು ನಮ್ಮ ಕೈಯ ಬಲವಲ್ಲ, ಕನ್ನಡಿಯಂತೆ ಉಜ್ಜಿದ ಎರಡು ಮೈಗಳ ಅಂಟುವಿಕೆ. ಹಳೇ ಹಿತ್ತಾಳೆಯ ನಳ ತಿರುವಿ ರೂಢಿಯಾದ ನಮ್ಮ ಕೈಗಳು ಇದನ್ನೂ ಹಾಗೆಯೇ ಬಿಗಿಯುತ್ತವೆ, ಆ ಬಲದಿಂದ ಒಳಗಿನ ತಡೆಗಟ್ಟು ಮುರಿಯುತ್ತದೆಯೇ ಹೊರತು ಹನಿ ನಿಲ್ಲುವುದಿಲ್ಲ. ನಾನು ಮೂರು ವಾರ ಮಾಡಿದ್ದು ಅದನ್ನೇ.

ಬೆರಳಿನಿಂದ ಒತ್ತಿ ಬಿಲ್ಲೆಗಳನ್ನು ಬಿಡಿಸಿದಾಗ ಕಿಂಡಿಯ ಅಂಚಿನಲ್ಲಿ ಎರಡು ಕಣ ಸಿಕ್ಕಿದ್ದವು. ಒಂದು ಎಳ್ಳಿನ ಕಾಳಿನಷ್ಟಿದ್ದ ಬಿಳಿಯ ಹಕ್ಕಳೆ, ಇನ್ನೊಂದು ಅದಕ್ಕಿಂತ ಸಣ್ಣ ಕಂದು ಹರಳು. ಎರಡನ್ನೂ ಒಂದು ಚಮಚದಲ್ಲಿಟ್ಟು ಇಂಡಿ ಕಡೆಯ ಲಿಂಬೆಹಣ್ಣಿನ ರಸವನ್ನು ನಾಲ್ಕು ಹನಿ ಹಿಂಡಿದೆ. ಬಿಳಿಯ ಹಕ್ಕಳೆಯ ಸುತ್ತ ಸಣ್ಣ ಗುಳ್ಳೆಗಳು ಎದ್ದು, ನೋಡನೋಡುತ್ತ ಅದರ ಅಂಚುಗಳು ಸವೆದು, ಕಾಲು ಗಂಟೆಯೊಳಗೆ ಅದು ಕಾಣದಾಯಿತು. ಕಂದು ಹರಳು ಹಾಗೆಯೇ ಉಳಿಯಿತು. ಮೊದಲನೆಯದು ಸುಣ್ಣ, ಎರಡನೆಯದು ಉಸುಕು. ಆಗ ಟಾಕಿ ತೊಳೆದ ದಿನ ನೆನಪಾಯಿತು. ತಳದ ಕೆಸರನ್ನು ಕೆದಕಿ, ಗೋಡೆಗಳನ್ನು ಉಜ್ಜಿ, ಪುನಃ ನೀರು ತುಂಬಿದಾಗ ಪೈಪಿನ ಬಾಯಿಗೆ ಅಂಟಿದ್ದ ಸುಣ್ಣದ ಹಕ್ಕಳೆಗಳು ಸಡಿಲಗೊಂಡು ಮೊದಲ ಹರಿವಿನಲ್ಲೇ ಕೆಳಗಿಳಿದಿದ್ದವು. ನಳ ಸವೆದಿರಲಿಲ್ಲ, ಅದರ ಬಾಯಿಗೆ ನಾವೇ ಕಸ ಹಾಕಿದ್ದೆವು.

ಬಿಲ್ಲೆಗಳ ಮೇಲೆ ಉಗುರು ಆಡಿಸಿ ನೋಡಿದೆ, ಒಂದು ಗೀರೂ ಇರಲಿಲ್ಲ. ಗಡಸುತನದಲ್ಲಿ ಈ ಪಿಂಗಾಣಿ ಉಸುಕಿಗಿಂತ ಮೇಲು. ಆದರೆ ಕಾರ್ಟ್ರಿಜ್ಜಿನ ಅಡಿಯಲ್ಲಿ ನಳದ ಒಡಲಿಗೆ ಒತ್ತಿ ಕೂರುವ ರಬ್ಬರ್ ಬಳೆ ಕಲ್ಲಿನಂತೆ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ಲಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಹಾಕಿ ಬಿಲ್ಲೆಗಳನ್ನೂ ಹಿತ್ತಾಳೆಯ ಭಾಗವನ್ನೂ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಕೂರಿಸಿದೆ. ಹನಿ ನಿಮಿಷಕ್ಕೆ 45ರಿಂದ 3ಕ್ಕೆ ಇಳಿಯಿತು. ಉಳಿದ ಮೂರು ಹನಿ ಆ ಸೀಳಿದ ಬಳೆಯ ಪಾಲಿನವು. ಹನಿ ಕಂಡ ಮೊದಲ ದಿನವೇ ಬಿಚ್ಚಿದ್ದರೆ ತೊಳೆಯುವುದರಲ್ಲೇ ಕೆಲಸ ಮುಗಿಯುತ್ತಿತ್ತೇನೋ ಎಂಬ ಕೊರಗು ನನಗೆ ಇನ್ನೂ ಇದೆ. ಗಟ್ಟಿಯಾಗಿದ್ದ ಆ ಬಳೆಗೆ ನನ್ನ ತಿರುವಿನ ಬಲ ಒಳ್ಳೆಯದನ್ನಂತೂ ಮಾಡಿರಲಿಲ್ಲ.

ಲಿಂಬೆ ಉಪ್ಪಿನ ಬದಲು ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದರೆ ಬೇಗ ಆಗುತ್ತದೆಂದು ಕೆಲವರು ಹೇಳುವುದುಂಟು. ಅದನ್ನು ಎಂದಿಗೂ ಮಾಡಬಾರದು. ಅದು ಕ್ರೋಮಿಯಂ ಲೇಪವನ್ನು ಎಬ್ಬಿಸಿ ಕೆಳಗಿನ ಹಿತ್ತಾಳೆಯನ್ನೂ ತಿನ್ನುತ್ತದೆ. ಟಾಕಿಗೆ ಹಾಕುವ ಬ್ಲೀಚಿಂಗ್ ಪುಡಿ ಯಾವುದೇ ಆಮ್ಲದ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಎರಡನ್ನೂ ಒಂದೇ ದಿನ ಕೈಗೆತ್ತಿಕೊಳ್ಳದಿರುವುದು ಕ್ಷೇಮ.

ಹೊಸ ಕಾರ್ಟ್ರಿಜ್ ತರಲು ಸಂಜೆಯೇ ಹಳೇ ಬಾಗಲಕೋಟೆಯ ಪೇಟೆಗೆ ಹೋದೆ. ಹಳೆಯದನ್ನು ನಳದಲ್ಲಿಯೇ ಬಿಟ್ಟು ಬಾಯಿಮಾತಿನಲ್ಲಿ ಕೇಳಿದ್ದು ತಪ್ಪಾಯಿತು. ಅಂದಹಾಗೆ ಅಂಗಡಿಯಲ್ಲಿ ಕಾರ್ಟ್ರಿಜ್ ಎಂದರೆ ಕೆಲವೊಮ್ಮೆ ನೀರು ಶುದ್ಧಿಯ ಫಿಲ್ಟರ್ ಕೈಗಿಡುತ್ತಾರೆ. ಹಾಫ್ ಟರ್ನ್ ಸ್ಪಿಂಡಲ್ ಎಂದು ಕೇಳಿದರೆ ಬೇಗ ತಿಳಿಯುತ್ತದೆ. ಮನೆಗೆ ತಂದು ಕೂರಿಸಿದರೆ ಥ್ರೆಡ್ ಸರಿಯಾಗಿ ಹತ್ತಿತು, ಹಿಡಿಕೆಯೂ ಕೂತಿತು, ಆದರೆ ನಳ ತಿರುಗುವ ದಿಕ್ಕೇ ಉಲ್ಟಾ. ಬಿಸಿನೀರು ತಣ್ಣೀರು ಎರಡೂ ಬರುವ ಮಿಕ್ಸರುಗಳಿಗಾಗಿ ಎಡಕ್ಕೆ ತೆರೆಯುವವು, ಬಲಕ್ಕೆ ತೆರೆಯುವವು ಎಂದು ಕಾರ್ಟ್ರಿಜ್‌ಗಳಲ್ಲಿ ಎರಡು ಬಗೆ. ಹಿಡಿಕೆ ಕೂರುವ ತುದಿಯ ಹಲ್ಲುಗಳಲ್ಲೂ 20 ಹಲ್ಲಿನವು, 24 ಹಲ್ಲಿನವು ಎಂಬ ವ್ಯತ್ಯಾಸವಿದೆ, ನಮ್ಮದು 20. ಇನ್ನು ಅರ್ಧ ಇಂಚು ಎಂಬುದು ಥ್ರೆಡ್ಡಿನ ಹೆಸರೇ ಹೊರತು ಅಳತೆಯಲ್ಲ. ಸ್ಕೇಲ್ ಇಟ್ಟು ನೋಡಿದರೆ ಅದರ ಹೊರ ಅಡ್ಡಗಲ ಹೆಚ್ಚುಕಡಿಮೆ 21 ಮಿಲಿಮೀಟರ್ ಬರುತ್ತದೆ. ಆದ್ದರಿಂದ ಅಳತೆ ಬರೆದುಕೊಂಡು ಹೋಗುವುದಕ್ಕಿಂತ ಹಳೆಯದನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗಿ, ಎರಡನ್ನೂ ಅಂಗಡಿಯ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ಉದ್ದ, ಹಲ್ಲು, ತಿರುಗುವ ದಿಕ್ಕು ಮೂರನ್ನೂ ನೋಡಿಯೇ ತರಬೇಕು. ರವಿವಾರ ಬೆಳಿಗ್ಗೆ ಹಾಗೆಯೇ ಮಾಡಿ ಬದಲಿಸಿಕೊಂಡು ಬಂದೆ.

ಕೂರಿಸುವ ಮುಂಚೆ ಎರಡು ಕೆಲಸ ಮಾಡಿದೆ. ನಳದ ಒಡಲಿನೊಳಗೆ ಬಳೆ ಕೂರುವ ಜಾಗವನ್ನು ಲಿಂಬೆ ಉಪ್ಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಿರುಬೆರಳು ಹಾಕಿ ತರಿತರಿ ಇಲ್ಲವೆಂದು ಖಚಿತಪಡಿಸಿಕೊಂಡೆ. ಆಮೇಲೆ ತೆರೆದ ಒಡಲಿನ ಬಾಯಿಗೆ ಬಕೆಟ್ ಹಿಡಿದು ಮಗನಿಗೆ ಮಾಳಿಗೆಯ ವಾಲ್ವನ್ನು ಅರ್ಧ ನಿಮಿಷ ತೆರೆಯಲು ಹೇಳಿದೆ. ಬಕೆಟ್ಟಿನ ತಳದಲ್ಲಿ ಇನ್ನೊಂದು ಚಿಟಿಕೆಯಷ್ಟು ಬಿಳಿ ಹಕ್ಕಳೆ ಕೂತಿತು. ಅದನ್ನು ಹೊರಹಾಕದೆ ಹೊಸದನ್ನು ಕೂರಿಸಿದ್ದರೆ ವಾರದೊಳಗೆ ಅದೇ ಕಥೆ ಮರಳಿ ಶುರುವಾಗುತ್ತಿತ್ತು.

ಕತ್ತಿನ ಬುಡದ ಕೆಲಸ ಸುಲಭ. ಬುಡದ ನಟ್ಟನ್ನು ಸಡಿಲಿಸಿ ಕತ್ತನ್ನು ಮೇಲಕ್ಕೆಳೆದರೆ ಎರಡು ಓ-ರಿಂಗ್ ಕಾಣುತ್ತವೆ. ಒಂದು ಚಪ್ಪಟೆಯಾಗಿತ್ತು, ಇನ್ನೊಂದರ ಮೇಲೆ ಸುಣ್ಣ ಕೂತು ಅರದಂತೆ ಒರಟಾಗಿತ್ತು. ಅದೇ ಅಳತೆಯ ಹೊಸ ಜೋಡಿ ಹಾಕಿ, ಮೇಲೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದೆ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆಯನ್ನೋ ವಾಹನದ ಗ್ರೀಸನ್ನೋ ಹಚ್ಚಬಾರದು. ನಳಗಳಲ್ಲಿ ಬಳಸುವ ಕೆಲವು ಬಗೆಯ ರಬ್ಬರ್ ಪೆಟ್ರೋಲಿಯಂ ಗ್ರೀಸಿಗೆ ಉಬ್ಬಿ ಕೆಡುತ್ತದೆ, ಕೊಬ್ಬರಿ ಎಣ್ಣೆ ಕಮಟು ವಾಸನೆ ಹಿಡಿಯುತ್ತದೆ. ಬಾಯಿಯ ಜಾಳಿಯನ್ನು ಕೈಯಿಂದಲೇ ಬಿಚ್ಚಿ, ಒಳಗಿನ ಬಿಲ್ಲೆಗಳು ಯಾವ ಕ್ರಮದಲ್ಲಿ ಕೂತಿವೆ ಎಂಬುದರ ಫೋಟೊ ತೆಗೆದುಕೊಂಡು, ಉಳಿದ ಲಿಂಬೆ ಉಪ್ಪಿನ ನೀರಿಗೆ ಹಾಕಿದೆ. ಅರ್ಧ ಗಂಟೆಯ ನಂತರ ಸೂಜಿಯ ತುದಿಯಿಂದ ಕಿಂಡಿ ಬಿಡಿಸಿದರೆ ಧಾರೆ ಮೊದಲಿನಂತೆ ಒಂದೇ ಆಗಿ ನೊರೆನೊರೆಯಾಗಿ ಬಿತ್ತು.

ಪಾನಾ ಕೈಯಲ್ಲಿರುವಾಗಲೇ ಹಿತ್ತಲಿನ ಮುಸುರೆ ಕಟ್ಟೆಯ ಹಳೇ ಹಿತ್ತಾಳೆ ನಳವನ್ನೂ ನೋಡಿಬಿಟ್ಟೆ. ಅದರ ಯಂತ್ರವೇ ಬೇರೆ: ತಿರುಪಿನ ದಂಡ ಕೆಳಗಿಳಿದು ರಬ್ಬರ್ ವಾಯ್ಸರನ್ನು ಹಿತ್ತಾಳೆಯ ತುಟಿಯ ಮೇಲೆ ಒತ್ತುತ್ತದೆ. ವಾಯ್ಸರಿನ ಮೇಲೆ ಆ ತುಟಿಯ ಗುರುತು ಉಂಗುರದಂತೆ ಆಳವಾಗಿ ಕೊರೆದಿತ್ತು. ಹೊಸ ವಾಯ್ಸರ್ ಹಾಕಿ ತಲೆಭಾಗವನ್ನು ಮರಳಿ ಬಿಗಿಯುವಾಗ ನಳವನ್ನು ಅರ್ಧ ತೆರೆದೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ಹೊಸ ರಬ್ಬರ್ ಮೊದಲ ದಿನವೇ ಜಜ್ಜಿಹೋಗುತ್ತದೆ. ಈ ನಳ ಗೋಡೆಗೆ ಕೂಡುವಲ್ಲಿಯೂ ಜಿನುಗುತ್ತಿದ್ದುದರಿಂದ ಅದನ್ನು ಪೂರ್ತಿ ಬಿಚ್ಚಿದೆ. ಥ್ರೆಡ್ಡಿನ ಸಂದಿಯಲ್ಲಿ ಹಿಂದಿನವರು ಸುತ್ತಿದ್ದ ಸಣಬಿನ ದಾರ, ಸಫೇದಾ ಇನ್ನೂ ಇದ್ದವು. ಸಫೇದಾ ಎಂಬುದು ಮೂಲದಲ್ಲಿ ಸೀಸದ ಬಿಳುಪು. ಕುಡಿಯುವ ನೀರಿನ ಲೈನಿನಲ್ಲಿ ಅದು ಬೇಡ. ತಂತಿಯ ಬ್ರಷ್ಷಿನಿಂದ ಥ್ರೆಡ್ಡನ್ನು ಚೊಕ್ಕ ಮಾಡಿ, ನಳದ ಹಿಂಭಾಗವನ್ನು ನನ್ನ ಕಡೆ ತಿರುಗಿಸಿ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಟೆಫ್ಲಾನ್ ಟೇಪನ್ನು ಎಳೆದೆಳೆದು ಹನ್ನೆರಡು ಸುತ್ತು ಸುತ್ತಿದೆ. ದಿಕ್ಕು ತಪ್ಪಿದರೆ ನಳ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಗೋಡೆಯ ಹೊರಗೇ ಮುದ್ದೆಯಾಗುತ್ತದೆ. ಬಿಗಿಯುತ್ತ ನಳ ನೆಟ್ಟಗೆ ನಿಲ್ಲುವ ಜಾಗ ದಾಟಿಹೋದರೆ ಹಿಂದಕ್ಕೆ ತಿರುಗಿಸಿ ಸರಿಮಾಡಲಾಗದು, ಹಾಗೆ ಮಾಡಿದಲ್ಲಿ ಮತ್ತೆ ಜಿನುಗುತ್ತದೆ. ಬಿಚ್ಚಿ ಹೊಸ ಟೇಪು ಸುತ್ತುವುದೇ ಸರಿ. ನನಗೆ ಎರಡನೆಯ ಸಲಕ್ಕೆ ಕೂತಿತು.

ರವಿವಾರ ರಾತ್ರಿ ಅದೇ ಪಾತ್ರೆಯನ್ನು ಒರೆಸಿ ಅದೇ ಜಾಗದಲ್ಲಿಟ್ಟೆ. ಬೆಳಿಗ್ಗೆ ಅದರ ತಳ ಒಣಗಿತ್ತು. ಅವ್ವ ದಾರವನ್ನು ಸುತ್ತಿ ತನ್ನ ಸೂಜಿಯ ಡಬ್ಬಿಗೆ ಹಾಕಿಕೊಂಡಳು.

ಈಗ ಜಾಳಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುತ್ತಿದ್ದೇನೆ. ಬೋರ್‌ವೆಲ್ ನೀರು ಹೆಚ್ಚು ಬಳಸಿದ ತಿಂಗಳು ಅದರ ಕಿಂಡಿಗಳಲ್ಲಿ ಬಿಳುಪು ಕಾಣುತ್ತದೆ, ಹೊಳೆ ನೀರಿನ ತಿಂಗಳು ಅಷ್ಟಾಗಿ ಇಲ್ಲ. ಮುಂದಿನ ಸಲ ಟಾಕಿ ತೊಳೆದಾಗ ಎಲ್ಲ ನಳಗಳ ಜಾಳಿ ಬಿಚ್ಚಿಟ್ಟು, ಮೊದಲ ನೀರನ್ನು ಬಚ್ಚಲಿನ ನಳದಿಂದ ಬಕೆಟ್ಟಿಗೆ ಹರಿಸಿ, ತಳದಲ್ಲಿ ಹಕ್ಕಳೆ ಬರುವುದು ನಿಂತ ಮೇಲಷ್ಟೇ ಅಡುಗೆಮನೆಯ ನಳ ತೆರೆಯುವುದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ಮಾಳಿಗೆಯ ಗೇಟ್ ವಾಲ್ವ್ ಮಾತ್ರ ಇನ್ನೂ ಮುಕ್ಕಾಲಿಗೇ ನಿಲ್ಲುತ್ತದೆ. ಅದರ ಬದಲಿಗೆ ಒಂದು ಬಾಲ್ ವಾಲ್ವ್, ಸಿಂಕಿನ ಕೆಳಗೆ ಒಂದು ಆ್ಯಂಗಲ್ ಕಾಕ್ ತಂದಿಟ್ಟಿದ್ದೇನೆ. ಟಾಕಿ ತಳ ಕಾಣುವ ದಿನಕ್ಕಾಗಿ ಕಾಯುತ್ತಿದ್ದೇನೆ.